ಕೆಮ್ಮಿಗೊಂದು ಬಾಟಲಿ ಔಷಧ

ಹಳ್ಳಿಯವರ ಕಾಯಿಲೆಗೆ ಅವರ ಅಜ್ಞಾನವೇ ಕಾರಣ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅದು ಸುಳ್ಳೆಂಬುದಕ್ಕೆ ಪುರಾವೆ ಸಿಕ್ಕಿದ್ದು ಬೆಂಗಳೂರಿನ ಆಸುಪಾಸಿನಲ್ಲೇ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಎಕ್ಸ್-ರೇ, ಕಫ ಪರೀಕ್ಷೆಗಳಿಂದ ಪತ್ತೆಯಾದ ರೋಗಿಗಳನ್ನು ಮಾತನಾಡಿಸಿದರು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಆ ಅಧ್ಯಯನದ ಪ್ರಕಾರ, ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆ, ದವಾಖಾನೆಗಳ ಬಾಗಿಲು ತಟ್ಟಿದ್ದರು. ಅಲ್ಲಿ ಹೆಚ್ಚಿನವರ ಕೈಗೆ ಬಂದದ್ದು ಕೆಮ್ಮಿನ ಔಷಧದ ಬಾಟಲಿ. ಕಫ ನೋಡಿದ್ದರೆ ಹಲವರ ರೋಗ ತಿಳಿಯುತ್ತಿತ್ತು, ನೋಡಲಿಲ್ಲ.

ಉಳಿದವರು ಬರಲೇ ಇಲ್ಲವಲ್ಲ, ಅದು ಅಜ್ಞಾನವಲ್ಲವೇ ಎಂದು ಕೇಳಬಹುದು. ಅವರಲ್ಲೂ ಅನೇಕರಿಗೆ ಚಿಂತೆಯಿತ್ತು. ಆದರೆ ದಿನಗೂಲಿಯವನಿಗೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಗಂಜಿ ಬಿಡುವುದು. ಬಂದವರಿಗೇ ಸರಿಯಾದ ಪರೀಕ್ಷೆ ಇಲ್ಲದಿರುವಾಗ ಬಾರದವರಿಗೆ ತಿಳಿವಳಿಕೆ ಹೇಳಿ ಏನು ಪ್ರಯೋಜನ? ಅಧ್ಯಯನ ಅಚ್ಚಾಗುವ ಮೊದಲೇ, 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಈ ತರ್ಕವನ್ನು ಒಪ್ಪಿ, ತಾವಾಗಿ ಬಂದವರ ಕಫವನ್ನು ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಪರೀಕ್ಷಿಸುವುದಕ್ಕೆ ಒತ್ತು ಕೊಟ್ಟಿತು. ಕಾಗದದ ಮೇಲೆ ಅದು ಒಳ್ಳೆಯ ಯೋಜನೆ. ಹಳ್ಳಿಯ ಕೇಂದ್ರಗಳಿಗೆ ಸೂಕ್ಷ್ಮದರ್ಶಕ, ಔಷಧ, ಸಿಬ್ಬಂದಿ ತಲಪಿದ್ದು ಮಾತ್ರ ಬಲು ನಿಧಾನವಾಗಿ.

ಆ ನಿಧಾನದ ಬೆಲೆ ಎಷ್ಟೆಂಬುದನ್ನೂ ಅದೇ ಕ್ಷಯರೋಗ ಸಂಸ್ಥೆ ಲೆಕ್ಕ ಹಾಕಿದೆ. 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮತ್ತೆ ಮತ್ತೆ ಸಮೀಕ್ಷೆ ನಡೆಯಿತು. ಅಲ್ಲಿ ವ್ಯವಸ್ಥಿತ ಚಿಕಿತ್ಸೆ ಇರಲಿಲ್ಲ. ಕಫದಲ್ಲಿ ರೋಗಾಣು ಕಂಡವರಲ್ಲಿ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಜನ ತೀರಿಹೋದರು. ಸುಮಾರು ಮೂರರಲ್ಲೊಂದು ಪಾಲು ಜನ ತಾವಾಗಿ ಗುಣವಾದರು. ಉಳಿದವರು ರೋಗ ಹೊತ್ತೇ ಬದುಕಿದ್ದರು. ಜಗತ್ತಿನ ವೈದ್ಯವಿಜ್ಞಾನ ಇಂದಿಗೂ ಉಲ್ಲೇಖಿಸುವ ಅಂಕಿಗಳಿವು. ನಮ್ಮ ಹಳ್ಳಿಗಳು ವಿಜ್ಞಾನಕ್ಕೆ ಕೊಟ್ಟದ್ದು ಹೆಚ್ಚು, ಪಡೆದದ್ದು ಕಡಿಮೆ ಎನ್ನದೆ ವಿಧಿಯಿಲ್ಲ.

ಕಾಲ ಬದಲಾಗಿದೆ, ಕ್ಷಯದ ಔಷಧ ಈಗ ಉಚಿತ ಎಂಬ ಆಕ್ಷೇಪ ನಿಜವೇ. ಆದರೆ ಕೂಲಿಯವನ ಕಷ್ಟ ಬದಲಾಗಿಲ್ಲ. ಬೆಂಗಳೂರಿನ ಆಸುಪಾಸಿನ ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯನ್ನೇ ನೋಡಿ, ಅದು ಈಗ ಕೈಗಾರಿಕಾ ಪ್ರದೇಶ. ಅಲ್ಲಿ ಪಾಳಿ ತಪ್ಪಿದರೆ ಸಂಬಳ ಕಳೆದುಕೊಳ್ಳುವ ಗುತ್ತಿಗೆ ಕೆಲಸಗಾರನಿಗೆ ಆ ದಿನಗೂಲಿಯವನ ಲೆಕ್ಕವೇ ಇಂದೂ ಅನ್ವಯ. ಇಂಥ ಊರುಗಳಿಗೆ ಪ್ರಶ್ನಾವಳಿ ಹಿಡಿದು ಬರುವ ಸಂಶೋಧಕರು ಜನರಿಗೆ ಏನು ಗೊತ್ತಿದೆ ಎಂದು ಕೇಳುವ ಮೊದಲು, ಆಸ್ಪತ್ರೆಗೆ ಹೋದಾಗ ಅವರಿಗೆ ಏನು ಸಿಕ್ಕಿತು ಎಂದು ಕೇಳಲಿ.