ಕೂಲಿಯ ಹೊರೆಯಿಂದ ಅಂಗೈಗೆ: ನಿಸರ್ಗಚಿತ್ರ ನಡೆದು ಬಂದ ದಾರಿ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ರಜೆಗೆ ಊರಿಗೆ ಹೋಗಿ ಮರಳುವಾಗ ಹಿಂದೆ ಹಪ್ಪಳ, ಉಪ್ಪಿನಕಾಯಿ ತರುತ್ತಿದ್ದರು. ಈಗ ಅವುಗಳೊಡನೆ ತುಂಗಭದ್ರೆಯ ದಡ, ಆಗುಂಬೆಯ ಸಂಜೆ, ಜೋಗದ ಧಾರೆಗಳನ್ನೂ ಮೊಬೈಲಿನಲ್ಲಿ ತುಂಬಿಕೊಂಡು ಬರುತ್ತಾರೆ. ಈ ಸೌಕರ್ಯದ ಹಿಂದೆ ಎಷ್ಟು ಬೆನ್ನುಗಳು ಬಾಗಿದ್ದವೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆ ಚರಿತ್ರೆಯ ಒಂದು ಹಿರಿಯ ಅಧ್ಯಾಯ ಕನ್ನಡ ನೆಲದಲ್ಲಿಯೇ ನಡೆದಿದೆ.

ಛಾಯಾಚಿತ್ರಣ ವಿದ್ಯೆ ಲೋಕಕ್ಕೆ ಪ್ರಕಟವಾದುದು 1839ರಲ್ಲಿ. 1854ರಲ್ಲಿ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಹಳೇಬೀಡು ಬೇಲೂರುಗಳ ದೇಗುಲಗಳನ್ನು ಚಿತ್ರಿಸಿದನು. 1856ರಲ್ಲಿ ಮದ್ರಾಸು ಸೈನ್ಯದ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪೆಗೆ ಬಂದನು. ಚಿತ್ರವನ್ನು ಹಿಗ್ಗಿಸುವ ಸುಲಭೋಪಾಯ ಆಗ ಇರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವ್, ಅದಕ್ಕೆ ತಕ್ಕ ಪೆಟ್ಟಿಗೆ. ಗ್ರೀನ್‌ಲಾನ ಕಾಗದದ ನೆಗೆಟಿವುಗಳು ಸುಮಾರು 16 ಅಂಗುಲಕ್ಕೆ 18 ಅಂಗುಲದಷ್ಟಿದ್ದವು!

ಮುಂದೆ ಗಾಜಿನ ಒದ್ದೆ ಫಲಕ ಬಂದಿತು. ಚಿತ್ರ ನಿಚ್ಚಳವಾಯಿತು, ಹೊರೆ ಮಾತ್ರ ಹೆಚ್ಚಿತು. ಫಲಕಕ್ಕೆ ಲೇಪ ಹಚ್ಚಿ, ಬೆಳಕಿಗೊಡ್ಡಿ, ಒಣಗುವ ಮೊದಲೇ ತೊಳೆದು ಮುಗಿಸಬೇಕು. ಆದ್ದರಿಂದ ಕತ್ತಲೆಯ ಡೇರೆಯೂ ಬೆನ್ನ ಹಿಂದೆಯೇ ನಡೆಯಬೇಕು. 1863ರಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಸಿಮ್ಲಾದಿಂದ ಹಿಮಾಲಯದ ಕಡೆಗೆ ಹೊರಟಾಗ ಸುಮಾರು 30 ಕೂಲಿಗಳು ಸಾಮಾನು ಹೊತ್ತರು. 1866ರಲ್ಲಿ ಅವನು ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆಯಲ್ಲಿ ಚಿತ್ರ ತೆಗೆದನು. ಚಿತ್ರದ ಕೆಳಗೆ ಬೋರ್ನನ ಹೆಸರುಂಟು; ಹೊತ್ತವರ ಹೆಸರಿಲ್ಲ.

1871ರಲ್ಲಿ ಒಣ ಫಲಕ, 1888ರಲ್ಲಿ ಈಸ್ಟ್‌ಮನ್ನನ ಕೊಡಾಕ್ ಪೆಟ್ಟಿಗೆ. ಹೊರೆ ಮೆಲ್ಲಮೆಲ್ಲನೆ ಇಳಿಯಿತು. 2000ದ ಇಸವಿಯಲ್ಲಿ ಜಪಾನಿನ ಪೇಟೆಗೆ ಕ್ಯಾಮರಾ ಸೇರಿಸಿದ ಮೊಬೈಲು ಬಂದಿತು. ಅದರ ಮಸೂರ ಕಿರಿದು, ಒಳಸೇರುವ ಬೆಳಕೂ ಅಲ್ಪ. ಆ ಕೊರತೆಯನ್ನು ತುಂಬಲು ಇಂದಿನ ಮೊಬೈಲು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಕೂಡಿಸುತ್ತದೆ. ಈ ಯುಕ್ತಿಗೂ ಒಬ್ಬ ಅಜ್ಜನಿದ್ದಾನೆ: ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಚಿತ್ರವಾಗಿ ಬೆಸೆದಿದ್ದನು.

ಬ್ಯಾಂಕಿನ ಗುಮಾಸ್ತನ ಕಣ್ಣಿಗೆ ಇಲ್ಲಿ ಜಮಾ ಖರ್ಚು ಎರಡೂ ಕಾಣುತ್ತವೆ. ಹೊರೆ ಇಳಿದುದು ಜಮಾ. ದೂರದ ಬೆಟ್ಟವನ್ನು ಹತ್ತಿರಕ್ಕೆ ಎಳೆಯುವುದರಲ್ಲಿ ದೊಡ್ಡ ಕ್ಯಾಮರಾದ ಬಲ ಇನ್ನೂ ಮೊಬೈಲಿಗಿಲ್ಲ. ಅದು ಸಣ್ಣ ಖರ್ಚು. ದೊಡ್ಡ ಖರ್ಚು ಬೇರೊಂದಿದೆ.

2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿದೆ. ದಿನವೂ ನಮ್ಮ ಕೈಯಿಂದ ಕೈಗೆ ದಾಟುತ್ತದೆ. ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದುಂಟು! ಇಂದು ಅದಿಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕನು ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ ಮತ್ತೆ ಚಿತ್ರ ತೆಗೆದನು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ, ಉಳಿದುದು ಯಾವುದು, ಅಳಿದುದು ಯಾವುದು ಎಂಬ ಲೆಕ್ಕ ಸಿಗುತ್ತದೆ. ಸ್ಥಳವೂ ವರ್ಷವೂ ತಿಳಿದಿದ್ದುದರಿಂದಲೇ ಆ ಹಳೆಯ ಕಾಗದ ಸಾಕ್ಷಿಯಾಯಿತು.

ನಮ್ಮ ಮೊಬೈಲುಗಳಲ್ಲಿ ಸಾವಿರಾರು ಚಿತ್ರಗಳಿವೆ. ಆದರೆ ಇದು ಯಾವ ಊರ ಕೆರೆ, ಯಾರ ಗದ್ದೆ? ವಿವರವಿಲ್ಲದ ಜಮೆಯನ್ನು ಯಾವ ಖಾತೆಗೆ ಬರೆಯುವುದು? ಊರು ನಮಗಾಗಿ ಕಾದು ನಿಂತಿರುವುದಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಕೇರಿಗಳೇ ಮುಳುಗಿದವು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅಂಥ ಕೇರಿಗಳು ಚಿತ್ರದಲ್ಲಿ ಮಾತ್ರ ಸಿಕ್ಕಾವು.

ಆದಕಾರಣ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಊರಿಗೆ ಹೋದಾಗಲೆಲ್ಲ ಒಂದೇ ಜಾಗದಲ್ಲಿ ನಿಂತು ಒಂದು ಚಿತ್ರ ತೆಗೆಯಿರಿ. ಮನೆಯ ಹಿರಿಯರಿಗೆ ತೋರಿಸಿ, ಅವರು ಹೇಳುವ ಹೆಸರುಗಳನ್ನು ಮಕ್ಕಳ ಕೈಯಿಂದ ಕನ್ನಡದಲ್ಲಿಯೇ ಬರೆಯಿಸಿ, ವರ್ಷವನ್ನೂ ಸೇರಿಸಿ. ಕೂಲಿಯ ಬೆನ್ನಿನಿಂದ ಇಳಿದ ಭಾರದಲ್ಲಿ ಇಷ್ಟನ್ನಾದರೂ ನಾವು ಹೊರಬೇಕು.