ಬಯಕೆಗೆ ಇಳಿಯದ ಬುಟ್ಟಿ

ಕಮರ್ಷಿಯಲ್ ಸ್ಟ್ರೀಟಿನ ಗಾಜಿನ ಹಿಂದೆ ಜರಿಸೀರೆ, ಬಂಗಾರ. "ಮನಸಾರೆ ಬಯಸು, ಸಿಕ್ಕೇ ಸಿಗುತ್ತೆ" ಅಂತಾರೆ ಈಗಿನ ಗುರುಗಳು. ರಾಂಡಾ ಬರ್ನ್ ಅವರ 'ದಿ ಸೀಕ್ರೆಟ್' 2006ರಲ್ಲಿ ಇದನ್ನೇ ಜಗತ್ತಿಗೆಲ್ಲ ಮಾರಿತು. ಸಿಗದಿದ್ದರೆ? ನಿನ್ನ ಬಯಕೆಯೇ ಸಾಲದು! ಹಳೇ ಕರ್ಮಸಿದ್ಧಾಂತಕ್ಕೆ ಹೊಸ ಅಂಗಿ ಇದು, ತಪ್ಪೆಲ್ಲ ಬಡವನದೇ.

ಚರಿತ್ರೆ ನೋಡೋಣ ಗೆಳೆಯರೇ. ಈ ಬೀದಿಯಿರುವ ದಂಡನ್ನು ಬ್ರಿಟಿಷರು ಕಟ್ಟಿದ್ದು 1809ರಲ್ಲಿ. ದಂಡಿರಲಿ, ಪೇಟೆಯಿರಲಿ, ಕಕ್ಕಸು ಬಳಿದು ಮಲದ ಬುಟ್ಟಿ ಹೊತ್ತವರು ನಮ್ಮವರು. ಬುಟ್ಟಿ ಇಳಿಯಲೆಂದು ಬಯಸದ ತಾಯಿ ಇದ್ದಳೇ? ಬಯಕೆಗೆ ಅದು ಇಳಿಯಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಜನರನ್ನು ಸಂಘಟಿಸಿದರು. ಅವರ ಸಂಘಟನೆ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಮ್ಯಾನ್‌ಹೋಲಿನಲ್ಲಿ ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಬೇಕೆಂಬ ತೀರ್ಪು 2014ರಲ್ಲಿ ಬಂತು. ಸಾವು ಇನ್ನೂ ನಿಂತಿಲ್ಲ; ಹೋರಾಟವೂ ನಿಂತಿಲ್ಲ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ವೈಟ್‌ಫೀಲ್ಡ್ ಬಳಿಯೂ ಆಶ್ರಮವಿದ್ದ ಸತ್ಯ ಸಾಯಿಬಾಬಾ ಅವರಿಗೆ ಪರೀಕ್ಷೆಗೆ ಬನ್ನಿ ಎಂದು ಬರೆದರು. ಉತ್ತರ ಬರಲಿಲ್ಲ.

ನಮ್ಮೂರಿಗೆ ಬರೋ ಗುರುವನ್ನೂ ನಾವು ಹಾಗೇ ಕೇಳೋಣ: ಸ್ವಾಮಿ, ನಿಮ್ಮ ಮಂತ್ರ ಇದುವರೆಗೆ ಯಾರ ತಲೆಯ ಬುಟ್ಟಿ ಇಳಿಸಿದೆ?