ಬೆಟ್ಟ ಕಳೆದುಕೊಂಡ ನೀಲಿ

ಅಲಂಕಾರ ಸಸ್ಯಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಅದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಚಿಲಿ ದೇಶದ ಟೆಕೋಫಿಲಿಯಾ ಸಯನೋಕ್ರೋಕಸ್. ಸ್ಯಾಂಟಿಯಾಗೊ ಸಮೀಪದ ಆಂಡಿಸ್ ಇಳಿಜಾರುಗಳಲ್ಲಿ ಬೆಳೆಯುವ, ಅಚ್ಚನೀಲಿ ಹೂವಿನ ಪುಟ್ಟ ಗಡ್ಡೆಗಿಡ. 1862ರಲ್ಲಿ ಸಸ್ಯವಿಜ್ಞಾನಿ ಲೇಬೋಲ್ಡ್ ಅದಕ್ಕೆ ಈ ಹೆಸರಿಟ್ಟರು. ಯುರೋಪಿನ ತೋಟಗಾರರು ಆ ನೀಲಿಗೆ ಮರುಳಾದರು. ಗಡ್ಡೆಗಳನ್ನು ಅತಿಯಾಗಿ ಕಿತ್ತದ್ದು ಸಾಲದೆಂಬಂತೆ ದನಗಳ ಮೇವೂ ಸೇರಿ, 20ನೆಯ ಶತಮಾನದ ಮಧ್ಯದ ಹೊತ್ತಿಗೆ ಅದು ಬೆಟ್ಟದಿಂದ ಅಳಿಯಿತೆಂದೇ ನಂಬಲಾಯಿತು.

ಆದರೆ ಕುಂಡಗಳಲ್ಲಿ ಉಳಿದಿತ್ತು. ಬೇಸಿಗೆಯಲ್ಲಿ ಗಡ್ಡೆಯನ್ನು ಒಣಗಲು ಬಿಟ್ಟು, ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ನೀರುಣಿಸಿ ತೋಟಗಾರರು ಅದನ್ನು ಕಾಪಾಡಿದ್ದರು. 2001ರಲ್ಲಿ ಸ್ಯಾಂಟಿಯಾಗೊದ ದಕ್ಷಿಣಕ್ಕೆ, ಬೆಟ್ಟದಲ್ಲೇ ಅದು ಮತ್ತೆ ಕಾಣಿಸಿತು.

ಹೂವನ್ನು ಉಳಿಸಿದ ಕೀರ್ತಿ ತೋಟಗಾರರದ್ದೆಂದು ಮೊದಲು ಬರೆದಿದ್ದೆ. ಬೆಟ್ಟವನ್ನು ಬರಿದು ಮಾಡಿದ್ದರಲ್ಲೂ ಅವರ ಪಾಲಿದೆ ಎಂದು ಈಗ ಪಕ್ಕದಲ್ಲೇ ಸೇರಿಸಿದ್ದೇನೆ.